ಎದೆಯೆತ್ತರಕ್ಕೆ ಬೆಳೆದ ಮಕ್ಕಳು ಮತ್ತು ಅಪಾಯದ ದಾರಿ

ಮಕ್ಕಳನ್ನು ಸಾಕಿ ಸಲಹುವ ಧರ್ಮವನ್ನು ಕುರಿತು ನಮ್ಮಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಿಸುವುದರಿಂದ ಹಿಡಿದು ಅಕ್ಷರಾಭ್ಯಾಸ, ದೀಕ್ಷೆ, ವಿದ್ಯೆ, ವಿವಾಹದವರೆಗೆ ಹೆತ್ತವರು ಏನೇನು ಮಾಡಬೇಕೆಂಬುದಕ್ಕೆ ಹಿರಿಯರು ದಾರಿ ಹಾಕಿಕೊಟ್ಟಿದ್ದಾರೆ. ಆದರೆ ಇಪ್ಪತ್ತೈದು ವರ್ಷದ ಮಗನೋ ಮಗಳೋ ಎದುರಿಗೆ ನಿಂತು, "ನಾನು ಈ ದಾರಿಯಲ್ಲಿ ಹೋಗಬೇಕೆಂದಿದ್ದೇನೆ, ಇದರಲ್ಲಿ ಅಪಾಯವಿರುವುದು ನನಗೂ ಗೊತ್ತು" ಎಂದಾಗ ತಂದೆತಾಯಿಗಳು ಹೇಗೆ ನಡೆದುಕೊಳ್ಳಬೇಕು? ಹದಿನಾರು ತುಂಬಿದ ಮಗನನ್ನು ಸ್ನೇಹಿತನಂತೆ ಕಾಣಬೇಕೆಂಬ ಹಳೆಯ ಮಾತೊಂದನ್ನು ಎಲ್ಲರೂ ಬಲ್ಲರು. ಆ ಸ್ನೇಹಿತ ಬೆಂಕಿಗೆ ಕೈಯಿಡಲು ಹೊರಟರೆ ಏನು ಮಾಡಬೇಕೆಂಬುದನ್ನು ಆ ಮಾತು ಹೇಳುವುದಿಲ್ಲ. ಮಗಳ ವಿಷಯವನ್ನಂತೂ ಅದು ಎತ್ತುವುದೇ ಇಲ್ಲ.

ಸಕಲೇಶಪುರ ಮತ್ತು ಆಲೂರು ಸೀಮೆಯ ಸದ್ಭಕ್ತರ ಮನೆಗಳಲ್ಲಿ ಕೆಲವು ವರ್ಷಗಳಿಂದ ಈ ಪ್ರಶ್ನೆ ನಮಗೆ ಮತ್ತೆ ಮತ್ತೆ ಎದುರಾಗುತ್ತಿದೆ. ಅದಕ್ಕೆ ಕಾರಣವಿದೆ. ಈ ಬೆಟ್ಟಸೀಮೆಯಲ್ಲಿ ಬದುಕುವುದೇ ಈಗ ಅಪಾಯದ ಲೆಕ್ಕಾಚಾರವಾಗಿಬಿಟ್ಟಿದೆ. ಕಾಫಿ ತೋಟದ ನೆರಳಿನಲ್ಲಿ ಹಗಲೆಲ್ಲ ಮಲಗಿದ್ದ ಆನೆಯ ಹಿಂಡು ಸಂಜೆಯಾದೊಡನೆ ಗದ್ದೆಗಿಳಿಯುತ್ತದೆ. ಬತ್ತದ ಗದ್ದೆಯನ್ನು ಬೀಳುಬಿಟ್ಟ ಮನೆಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಉಚ್ಚ ನ್ಯಾಯಾಲಯವು ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರ ಸುಮಾರಿಗೆ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದು ಸೇರಿದವು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನ ಬಳಿ ಗಾಯಗೊಂಡಿದ್ದ ಕಾಡಾನೆಯೊಂದಕ್ಕೆ ಚಿಕಿತ್ಸೆ ಕೊಡಲೆಂದು ಅರಿವಳಿಕೆಯ ಚುಚ್ಚುಮದ್ದು ಹಾರಿಸಿದ ಅರಣ್ಯ ಇಲಾಖೆಯ ಅನುಭವಿ, 'ಆನೆ ವೆಂಕಟೇಶ್' ಎಂದೇ ಹೆಸರಾಗಿದ್ದವರು, ಅದೇ ಆನೆಯ ದಾಳಿಗೆ ತುತ್ತಾದರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಡನೆ ಕಾದಾಡಿ ಮಡಿಯಿತು. ತಲೆನರೆತ ಅನುಭವಿಗೂ, ಅಷ್ಟು ದೊಡ್ಡ ಸಾಕಾನೆಗೂ ಉಳಿಗಾಲವಿಲ್ಲದ ಕಡೆಗೆ ನಮ್ಮ ಮಕ್ಕಳನ್ನು ಹೇಗೆ ಕಳುಹಿಸುವುದು ಎಂದು ತಾಯಂದಿರು ಕೇಳಿದರೆ ಅದನ್ನು ಅಂಜುಬುರುಕುತನವೆಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ.

ಆಲೂರು ತಾಲ್ಲೂಕಿನ ಒಂದು ಮನೆಯ ಸಂಗತಿಯನ್ನು, ಗುರುತು ಹೇಳದೆ, ಇಲ್ಲಿ ಬರೆಯುತ್ತೇವೆ. ಸಣ್ಣ ಹಿಡುವಳಿ, ಸ್ವಲ್ಪ ಕಾಫಿ, ಮೆಣಸು. ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಮಗಳು ಓದು ಮುಗಿಸಿ ಅರಣ್ಯ ಇಲಾಖೆಯ ಪರೀಕ್ಷೆ, ದೇಹದಾರ್ಢ್ಯದ ಓಟ ಎಲ್ಲವನ್ನೂ ಗೆದ್ದು ಗಸ್ತು ಅರಣ್ಯ ಪಾಲಕಿಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸಲಿಲ್ಲವೆಂದು ಆಕೆಯ ತಾಯಿಯೇ ನಮಗೆ ಹೇಳಿದರು. "ಹೆಣ್ಣುಮಗು ರಾತ್ರಿಹೊತ್ತು ಆನೆ ಓಡಿಸೋಕೆ ಹೋಗಬೇಕಾ, ಪಂಡಿತರೇ? ನನ್ನ ಮೇಲೆ ಆಣೆ ಇಟ್ಟುಬಿಟ್ಟಿದೀನಿ" ಎಂದರು. ಮಗಳು ಬಾಗಿಲ ಬಳಿ ನಿಂತಿದ್ದಳು. ಅವಳು ಹೇಳಿದ್ದು ಇಷ್ಟೇ: "ಅಣ್ಣ ಬೆಂಗಳೂರಿಂದ ರಾತ್ರಿಯೆಲ್ಲ ಬೈಕ್ ಓಡಿಸಿಕೊಂಡು ಬರ್ತಾನೆ, ಸ್ನೇಹಿತರ ಜೊತೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳೀತಾನೆ. ಅವನಿಗೆ ಯಾರೂ ಆಣೆ ಇಡಲಿಲ್ಲ, ಅವ್ವ."

ಈ ಮಾತಿಗೆ ಆ ಮನೆಯಲ್ಲಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಅಂಕಿಅಂಶಗಳನ್ನು ನೋಡಿದರೆ ಅವಳ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ಕೇಂದ್ರ ಸರ್ಕಾರದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರು 1,68,491 ಮಂದಿ. ಅವರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನ ಸವಾರರದು. ಆನೆಗಳಿಂದ ಇಡೀ ದೇಶದಲ್ಲಿ ವರ್ಷಕ್ಕೆ ಸಾಯುವವರು ಐನೂರು ಆರುನೂರರ ಆಸುಪಾಸು. ಆನೆಯ ಅಪಾಯ ದೇಶದ ತುಂಬ ಹರಡಿದ್ದಲ್ಲ, ಕೆಲವೇ ಸೀಮೆಗಳಲ್ಲಿ ಮಡುಗಟ್ಟಿ ನಿಂತದ್ದು ಎಂಬುದು ನಿಜ. ಆದ್ದರಿಂದ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ತೀರ್ಪು ಹೇಳಲಾಗದು. ಆದರೂ ಒಂದು ಸಂಗತಿ ತಿಳಿಯುತ್ತದೆ. ಮಗನ ಬೈಕನ್ನು ಕೊಂಡುಕೊಡುವಾಗ ನಾವು ಅಪಾಯವನ್ನು ಅಳೆಯಲೇ ಇಲ್ಲ. ಮಗಳ ಕಾಯಕದ ಮಾತು ಬಂದಾಗ ತಕ್ಕಡಿ ಹೊರಗೆ ಬಂತು. ಅದರ ಇನ್ನೊಂದು ತಟ್ಟೆಯಲ್ಲಿ ಆನೆಯ ಜೊತೆಗೆ 'ಜನ ಏನೆಂದಾರು' ಎಂಬುದೂ, 'ನಾಳೆ ಇವಳನ್ನು ಯಾರು ಮಾಡಿಕೊಂಡಾರು' ಎಂಬುದೂ ಕುಳಿತಿತ್ತು. ಮಾನದ ಭಯಕ್ಕೆ ಪ್ರಾಣದ ಭಯದ ವೇಷ ಹಾಕಿಸುವುದು ನಮ್ಮ ಮನೆಗಳಲ್ಲಿ ಬಹಳ ಹಳೆಯ ರೂಢಿ. ಹೆತ್ತವರು ಮೊದಲು ಮಾಡಬೇಕಾದ ಆತ್ಮಪರೀಕ್ಷೆ ಇದು: ನಾವು ಹೆದರುತ್ತಿರುವುದು ಮಗುವಿಗಾಗಿಯೋ ನಮಗಾಗಿಯೋ?

ಆ ತಂದೆಗೆ ನಾವು ಇನ್ನೊಂದು ಪ್ರಶ್ನೆ ಕೇಳಿದೆವು. ಗಸ್ತಿನ ಕೆಲಸವೆಂದರೇನು, ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಜನ ಕೂಡಿ ಹೋಗುತ್ತಾರೆ, ಆನೆಗಳಿರುವ ಜಾಗ ಹೇಗೆ ತಿಳಿಯುತ್ತದೆ ಎಂದು ವಿಚಾರಿಸಿದಿರಾ? ಅವರು ವಿಚಾರಿಸಿರಲಿಲ್ಲ. ಕೆಲವು ಹಿಂಡುಗಳ ಹೆಣ್ಣಾನೆಗಳಿಗೆ ರೇಡಿಯೊ ಕಾಲರ್ ತೊಡಿಸಿದ್ದಾರೆ, ಆನೆಗಳು ಇರುವ ಕಡೆಯನ್ನು ಇಲಾಖೆಯವರು ಮೊಬೈಲ್ ಸಂದೇಶದ ಮೂಲಕ ಊರವರಿಗೆ ತಿಳಿಸುತ್ತಾರೆ ಎಂಬುದನ್ನು ಅವರು ಬಲ್ಲರು. ತಮ್ಮ ತೋಟಕ್ಕೆ ಆಳು ಕಳುಹಿಸುವ ಮುನ್ನ ಅದನ್ನೇ ನೋಡುತ್ತಾರೆ. ಮಗಳ ವಿಷಯಕ್ಕೆ ಬಂದಾಗ ಮಾತ್ರ ಆ ತಿಳಿವಳಿಕೆಯೆಲ್ಲ ಮರೆತುಹೋಗಿತ್ತು. ಮಕ್ಕಳು ಹೋಗಬಯಸುವ ದಾರಿಯನ್ನು ನೋಡದೆಯೇ ಮುಳ್ಳು ಮುಚ್ಚಿಬಿಡುವುದು ಪ್ರೀತಿಯಾದರೂ ಅರೆಪ್ರೀತಿ. ಆ ದಾರಿಯಲ್ಲಿ ಕಲ್ಲೆಷ್ಟು, ಹಳ್ಳವೆಲ್ಲಿ ಎಂದು ಮಗುವಿನಷ್ಟೇ ಕಷ್ಟಪಟ್ಟು ತಿಳಿದುಕೊಂಡ ತಂದೆಯ 'ಬೇಡ'ಕ್ಕೆ ಬೆಲೆಯಿದೆ. ಅವನ 'ಹೋಗಿ ಬಾ'ಗೂ ಅಷ್ಟೇ ಬೆಲೆಯಿದೆ. ತಾಯಿ ಕೊನೆಗೆ ಆಣೆಯನ್ನು ಹಿಂತೆಗೆದುಕೊಂಡರು. ಮಗಳು ತರಬೇತಿಗೆ ಹೋದಳು. ಆ ಕೆಲಸದ ಅಪಾಯ ಇದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ; ಹಾಗೆಂದು ನಾವು ಆ ತಾಯಿಗೆ ಸುಳ್ಳು ಸಮಾಧಾನ ಹೇಳಲೂ ಇಲ್ಲ.

ಆಣೆಯ ಮಾತು ಬಂದುದರಿಂದ ಹೇಳುತ್ತೇವೆ. ಪ್ರಾಪ್ತವಯಸ್ಕರಾದ ಮಕ್ಕಳನ್ನು ತಡೆಯಲು ಹೆತ್ತವರು ಬಳಸುವ ಅಸ್ತ್ರಗಳಲ್ಲಿ ಕೆಲವನ್ನು ಲಿಂಗವಂತರು ಮುಟ್ಟಲೇಬಾರದು. "ನೀನು ಹೋದರೆ ನನ್ನ ಹೆಣ ನೋಡುತ್ತೀಯೆ" ಎಂಬುದು ಅವುಗಳಲ್ಲಿ ಮೊದಲನೆಯದು. ಎರಡನೆಯದು ಕಣ್ಣೀರು, ತಾನಾಗಿ ಬರುವ ಕಣ್ಣೀರನ್ನು ನಾವು ಹೇಳುತ್ತಿಲ್ಲ, ಬಂಧುಬಳಗವನ್ನು ಕರೆಸಿ ಅವರ ಮುಂದೆ ಸುರಿಸುವುದನ್ನು ಹೇಳುತ್ತಿದ್ದೇವೆ. ಇನ್ನು ಜಮೀನು. "ನನ್ನ ಮಾತು ಮೀರಿದರೆ ಒಂದು ಗುಂಟೆಯೂ ಇಲ್ಲ" ಎನ್ನುವವರು ಭೂಮಿಯನ್ನು ಬೇಲಿಯಾಗಿಸುತ್ತಾರೆ; ಅಂಥ ಬೇಲಿಯೊಳಗೆ ಉಳಿದ ಮಗ ದೇಹದಿಂದ ಮಾತ್ರ ಉಳಿದಿರುತ್ತಾನೆ. ಹೀಗೆ ಮಗನನ್ನು ಉಳಿಸಿಕೊಂಡ ತೋಟಗಳನ್ನು ನಾವು ನೋಡಿದ್ದೇವೆ. ಮಗ ಸಂಜೆಯಾದರೆ ಪೇಟೆಯಲ್ಲಿರುತ್ತಾನೆ; ಕಾಫಿ ಗಿಡಕ್ಕೆ ಕಾಂಡಕೊರಕ ಹತ್ತಿದ್ದೂ ಅವನಿಗೆ ತಿಳಿದಿರುವುದಿಲ್ಲ.

ಹಿರಿಯರಾದ ನಮಗೆ ಮರೆವೂ ಹೆಚ್ಚು. ಇಂದು 'ನೆಮ್ಮದಿಯ ಬದುಕು' ಎಂದು ಮಕ್ಕಳಿಗೆ ತೋರಿಸುವ ಈ ತೋಟಗಳು ಯಾವ ನೆಮ್ಮದಿಯಿಂದ ಹುಟ್ಟಿದವು? ಸಕಲೇಶಪುರ ಸೀಮೆಯ ಅನೇಕ ಮನೆಗಳು ಒಂದು ಕಾಲಕ್ಕೆ ಏಲಕ್ಕಿಯನ್ನು ನಂಬಿದ್ದವು. ಕಟ್ಟೆರೋಗ ಬಂದು ಮಲೆಗಳೇ ಬರಿದಾದಾಗ ಕಾಫಿಗೆ ತಿರುಗಿದವರನ್ನು ಅವರ ತಂದೆಯರು ತಡೆದಿರಲಿಲ್ಲವೆ? 1942ರ ಕಾಫಿ ಕಾಯಿದೆಯ ನಂತರ ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾದು ಕುಳಿತಿರುತ್ತಿದ್ದ. 1990ರ ದಶಕದ ನಡುವಿನ ಹೊತ್ತಿಗೆ ಆ ವ್ಯವಸ್ಥೆ ಕಳಚಿ ಮುಕ್ತ ಮಾರುಕಟ್ಟೆ ಬಂದಾಗ, ಸಾಲ ಮಾಡಿ ತೋಟ ವಿಸ್ತರಿಸಿದವರು ಅಂದಿನ ಇಪ್ಪತ್ತೈದು ಮೂವತ್ತರ ಹರೆಯದವರು. 2000ದ ನಂತರ ಬೆಲೆ ನೆಲಕಚ್ಚಿತು, ಎಷ್ಟೋ ಮಂದಿ ತೋಟ ಮಾರಿದರು. ಉಳಿದುಕೊಂಡವರು ಇಂದು ಮಕ್ಕಳಿಗೆ "ಇದೆಲ್ಲ ನಿನಗೇಕೆ, ತಿಂಗಳ ಸಂಬಳ ಬರುವ ಕೆಲಸ ಹಿಡಿ" ಎನ್ನುತ್ತಾರೆ! ತಾವು ದಾಟಿದ ಹೊಳೆಯನ್ನು ಮಕ್ಕಳು ದಾಟಬಾರದೆನ್ನುವುದು ಸ್ವಾಭಾವಿಕವೇ ಇರಬಹುದು. ಆದರೆ ತಾವೂ ಒಂದು ದಿನ ಆ ದಡದಲ್ಲಿ ನಿಂತಿದ್ದುದನ್ನು ಮಕ್ಕಳಿಗೆ ಹೇಳುವ ಪ್ರಾಮಾಣಿಕತೆ ಬೇಕು. ಗೆದ್ದ ಕಥೆಯನ್ನಷ್ಟೇ ಹೇಳದೆ, ಸೋತ ನೆರೆಯವರ ಕಥೆಯನ್ನೂ ಲೆಕ್ಕಪತ್ರ ಸಮೇತ ಹೇಳಬೇಕು. ಮಕ್ಕಳಿಗೆ ಉಪದೇಶಕ್ಕಿಂತ ಹೆಚ್ಚು ಬಳಕೆಗೆ ಬರುವುದು ಹಳೆಯ ಲೆಕ್ಕದ ಪುಸ್ತಕವೇ.

ಹಾಗಾದರೆ ಎಲ್ಲ ಅಪಾಯಕ್ಕೂ ಹೆತ್ತವರು ತಲೆಯಾಡಿಸಬೇಕೆ? ಖಂಡಿತ ಇಲ್ಲ. ಇದೇ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯನ್ನು ನೋಡಿ. ಸುಮಾರು 55 ಕಿಲೋಮೀಟರು. 57 ಸುರಂಗಗಳು, 109 ಸೇತುವೆಗಳು. 1979ರಲ್ಲಿ ತೆರೆದ ಮೀಟರ್ ಗೇಜ್ ದಾರಿಯನ್ನು 1996ರಲ್ಲಿ ಮುಚ್ಚಿ, ಬ್ರಾಡ್ ಗೇಜ್ ಮಾಡಿ, 2006ರಲ್ಲಿ ಸರಕು ಗಾಡಿಗಳಿಗೂ 2007ರ ಕೊನೆಗೆ ಪ್ರಯಾಣಿಕರ ಗಾಡಿಗಳಿಗೂ ಮತ್ತೆ ತೆರೆದರು. ಗಾಡಿಗಳಿಲ್ಲದ ಆ ಹತ್ತು ವರ್ಷದಲ್ಲಿ ಹಳಿಯ ಮೇಲೆ ನಡೆದುಹೋಗುವ ಚಾರಣದ ಗೀಳು ಪೇಟೆಯ ಹುಡುಗರಿಗೆ ಹತ್ತಿತು. ಗಾಡಿಗಳು ಬಂದ ಮೇಲೂ ಅದು ಸಂಪೂರ್ಣವಾಗಿ ಬಿಡಲಿಲ್ಲ. 1989ರ ರೈಲ್ವೆ ಕಾಯಿದೆಯಂತೆ ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಕಾಯಿದೆಯ ಮಾತು ಹಾಗಿರಲಿ. ಸುರಂಗದ ತಿರುವಿನಲ್ಲಿ ಹುಡುಗನೊಬ್ಬ ಹಠಾತ್ತನೆ ಕಂಡಾಗ ಗಾಡಿ ನಡೆಸುವ ಚಾಲಕನ ಎದೆಯ ಗತಿಯೇನು? ಹೆಣವನ್ನೋ ಗಾಯಾಳುವನ್ನೋ ಕಣಿವೆಯಿಂದ ಎತ್ತಿತರಬೇಕಾದ ಗ್ಯಾಂಗ್‌ಮನ್‌ಗಳು ಯಾರ ಮಕ್ಕಳು? 2024ರ ಜುಲೈ ತಿಂಗಳಲ್ಲಿ ಕಡಗರವಳ್ಳಿ–ಯಡಕುಮೇರಿಗಳ ನಡುವೆ ಮಣ್ಣು ಕುಸಿದು ದಾರಿ ನಿಂತಾಗ ಸುರಿವ ಮಳೆಯಲ್ಲಿ ಅದನ್ನು ಸರಿಪಡಿಸಿದವರೂ ಒಂದೊಂದು ಮನೆಯ ಮಕ್ಕಳೇ. ಅವರೂ ಅಪಾಯದಲ್ಲೇ ನಿಂತಿದ್ದರು.

ಅಪಾಯ ಎರಡು ಕಡೆಯೂ ಇದೆ. ಆದರೆ ಒಬ್ಬನು ಕಾಯಕಕ್ಕಾಗಿ, ಇನ್ನೊಬ್ಬರ ಅನ್ನಕ್ಕಾಗಿ ಅದನ್ನು ಹೊರುತ್ತಾನೆ. ಇನ್ನೊಬ್ಬನು ಒಂದು ಭಾವಚಿತ್ರಕ್ಕಾಗಿ ತನ್ನ ಅಪಾಯವನ್ನು ಬೇರೆಯವರ ಹೆಗಲಿಗೆ ದಾಟಿಸುತ್ತಾನೆ. ಇಂಥದಕ್ಕೆ ಹೆತ್ತವರು ಹಣ ಕೊಡಬಾರದು, ವಾಹನ ಕೊಡಬಾರದು, ಸುಮ್ಮನೆಯೂ ಇರಬಾರದು. ಸ್ಪಷ್ಟವಾಗಿ, ಗಟ್ಟಿಯಾಗಿ 'ತಪ್ಪು' ಎನ್ನಬೇಕು. ಅಷ್ಟಾಗಿಯೂ ಹೋಗುವ ಇಪ್ಪತ್ತೈದರ ಮಗನನ್ನು ಕೋಣೆಯಲ್ಲಿ ಕೂಡಿಹಾಕಲು ಬರುವುದಿಲ್ಲ ಎಂಬುದು ಬೇರೆ ಮಾತು.

ಇದರಂತೆಯೇ, ಕುಡಿತಕ್ಕೋ ಮೊಬೈಲಿನಲ್ಲಿ ನಡೆಯುವ ಜೂಜಿಗೋ ಬಿದ್ದ ಮಗ "ಇದು ನನ್ನ ಇಷ್ಟ" ಎಂದರೆ ಅದನ್ನು ಆಯ್ಕೆಯೆಂದು ಗೌರವಿಸಬೇಕಾಗಿಲ್ಲ. ಆಯ್ಕೆ ಮಾಡುವ ಬುದ್ಧಿಯನ್ನೇ ಅಲ್ಲಿ ವ್ಯಾಧಿ ತಿನ್ನುತ್ತಿರುತ್ತದೆ. ಮನಸ್ಸಿನ ಕಾಯಿಲೆಯಿಂದ ಬಳಲುವವರ ವಿಷಯವೂ ಬೇರೆ. ಅವರಿಗೆ ಬೇಕಾದದ್ದು ವೈದ್ಯರು. ನಾವು ಇಲ್ಲಿ ಬರೆಯುತ್ತಿರುವುದು ತಿಳಿದು, ಯೋಚಿಸಿ, ತನ್ನ ಬಾಳನ್ನು ತಾನು ಪಣಕ್ಕಿಡುವ ಮಕ್ಕಳನ್ನು ಕುರಿತು.

ಕಾನೂನು ಈ ವಿಷಯದಲ್ಲಿ ಚುಟುಕಾಗಿ ಮಾತನಾಡುತ್ತದೆ. 1875ರ ಕಾಯಿದೆಯ ಕಾಲದಿಂದಲೂ ಹದಿನೆಂಟು ತುಂಬಿದವರು ಪ್ರಾಪ್ತವಯಸ್ಕರು. ಬೆಳಗಾವಿ ಸೀಮೆಯ ಅಧ್ಯಾಪಕಿಯೊಬ್ಬರು ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆತನದ ಅಥವಾ ಸಮಾಜದ ಒಪ್ಪಿಗೆ ಅಗತ್ಯವಿಲ್ಲವೆಂದು ಹೇಳಿತು. ಆದರೆ ನ್ಯಾಯಾಲಯ ಬಾಗಿಲವರೆಗೆ ಬರಬಲ್ಲದು. ಒಳಮನೆಯಲ್ಲಿ ನಡೆಯುವುದಕ್ಕೆ ಬೇರೆ ಬೆಳಕು ಬೇಕು. ಅದಕ್ಕಾಗಿ ನಾವು ಶರಣರತ್ತ ತಿರುಗುತ್ತೇವೆ.

ಕಲ್ಯಾಣದ ಹರಳಯ್ಯ ಮಧುವರಸರ ಕಥೆಯನ್ನು ಕೇಳದ ಲಿಂಗಾಯತ ಮನೆಯಿಲ್ಲ. ಸಮಗಾರ ಕಾಯಕದ ಹರಳಯ್ಯನ ಮಗ ಶೀಲವಂತ. ಹುಟ್ಟಿನಿಂದ ವಿಪ್ರನಾಗಿದ್ದು ಶರಣನಾದ ಮಂತ್ರಿ ಮಧುವರಸನ ಮಗಳು ಲಾವಣ್ಯ. ಇವರ ಮದುವೆಯನ್ನು ಶರಣರು ನೆರವೇರಿಸಿದರು. ವರ್ಣಸಂಕರವೆಂದು ಕೆರಳಿದವರ ಮಾತು ಕೇಳಿ ಬಿಜ್ಜಳನು ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿಸಿ ಬೀದಿಯಲ್ಲಿ ಎಳೆಸಿದನೆಂದು ಪರಂಪರೆ ಹೇಳುತ್ತದೆ. ಆಮೇಲೆ ನಡೆದ ಕ್ರಾಂತಿ, 1167ರ ಆಸುಪಾಸಿನಲ್ಲಿ ಬಿಜ್ಜಳನ ಕೊಲೆ, ಶರಣರು ಚದುರಿಹೋದುದು ಎಲ್ಲವೂ ಓದುಗರಿಗೆ ತಿಳಿದದ್ದೇ.

ಈ ಕಥೆಯನ್ನು ಹೇಳುವಾಗ ನಾವೆಲ್ಲ ತಂದೆಯರ ತ್ಯಾಗವನ್ನು ಹೊಗಳುತ್ತೇವೆ, ಹೊಗಳತಕ್ಕದ್ದೇ. ಆದರೆ ಒಂದು ಪ್ರಶ್ನೆಯನ್ನು ನಮ್ಮ ಪ್ರವಚನಕಾರರು ಎತ್ತುವುದು ಅಪರೂಪ. ಆ ಹುಡುಗ, ಆ ಹುಡುಗಿ ಏನೆಂದುಕೊಂಡಿದ್ದರು? ಅಪಾಯ ಅವರಿಗೆ ತಿಳಿದಿತ್ತೆ? ಇಷ್ಟಪಟ್ಟು ಒಪ್ಪಿದ್ದರೆ? ಹೇಳಿಕೊಂಡು ಬಂದ ಕಥೆಗಳಲ್ಲಿ ಅವರಿಬ್ಬರ ಬಾಯಲ್ಲಿ ಮಾತು ಕಡಿಮೆ. ತಂದೆಯರ ಆದರ್ಶಕ್ಕೆ ಮಕ್ಕಳ ಬಾಳನ್ನು ಪಣವಾಗಿಟ್ಟರೇ ಎಂದು ಇಂದಿನ ಓದುಗನೊಬ್ಬ ಕೇಳಿದರೆ ಅದನ್ನು ಶರಣನಿಂದೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಮಟ್ಟಿಗೆ ಆ ಪ್ರಶ್ನೆಗೆ ಅರ್ಧ ಉತ್ತರವಾದರೂ ಆ ಕಥೆಯಲ್ಲಿಯೇ ಇದೆ. ಆ ತಂದೆಯರು ಮಕ್ಕಳನ್ನು ಮುಂದೆ ದೂಡಿ ತಾವು ಹಿಂದೆ ನಿಂತವರಲ್ಲ. ಶಿಕ್ಷೆ ಬಂದಾಗ ಅದು ಅವರ ಮೈಮೇಲೆಯೇ ಬಂತು; "ಮಕ್ಕಳು ಮಾಡಿಕೊಂಡದ್ದು, ನಮಗೆ ತಿಳಿಯದು" ಎಂದು ಹೇಳಿ ಪಾರಾಗುವ ದಾರಿಯನ್ನು ಅವರು ಹುಡುಕಲಿಲ್ಲ. ಉಳಿದರ್ಧವನ್ನು ಇಂದಿನ ನಾವು ತುಂಬಿಕೊಳ್ಳಬೇಕು. ಅಪಾಯವನ್ನು ತಂದೆ ಬಯಸಿದ್ದಾದರೂ, ಮಕ್ಕಳು ಬಯಸಿದ್ದಾದರೂ, ಅವರ ಬಾಯಿಂದಲೇ 'ಹೌದು' ಬರಬೇಕು. ಮಗನನ್ನು ಸೈನ್ಯಕ್ಕೆ ಸೇರಿಸಿಯೇ ತೀರುವೆನೆನ್ನುವ ತಂದೆ, ಮಗಳನ್ನು ಹೊರದೇಶದ ಅಪರಿಚಿತ ವರನಿಗೆ ಹದಿನೈದು ದಿನದಲ್ಲಿ ಕಟ್ಟಿ ಕಳುಹಿಸುವ ತಂದೆ, ಇವರೂ ಮಕ್ಕಳನ್ನು ಅಪಾಯಕ್ಕೊಡ್ಡುವವರೇ. ಸಮಾಜ ಅವರನ್ನು ಪ್ರಶ್ನಿಸುವುದಿಲ್ಲ, ಮೆರವಣಿಗೆ ಮಾಡುತ್ತದೆ.

ಅಕ್ಕಮಹಾದೇವಿಯ ಕಥೆಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಹರಿಹರನ 'ಮಹಾದೇವಿಯಕ್ಕನ ರಗಳೆ'ಯಂತೆ, ಭವಿಯಾದ ಕೌಶಿಕನಿಗೆ ಮಗಳನ್ನು ಕೊಡಲಾರೆವೆಂದ ತಂದೆತಾಯಿಗಳಿಗೆ ಅರಸನ ಕಡೆಯವರಿಂದ ಪ್ರಾಣಭಯ ಬಂತು. ಅವರು ಮಗಳನ್ನು ಬೇಡಿಕೊಂಡರು. ಹೆತ್ತವರನ್ನು ಉಳಿಸಲು ಅಕ್ಕ ತನ್ನ ಷರತ್ತುಗಳನ್ನು ಹಾಕಿ ಆ ಮನೆಗೆ ಹೋದಳು. ಷರತ್ತು ಮುರಿದ ದಿನ ಎಲ್ಲವನ್ನೂ ಕಳಚಿ ಹೊರಟಳು. ಅಂದರೆ ಮೊದಲ ಅಪಾಯಕ್ಕೆ, ಅರಮನೆಯ ಅಪಾಯಕ್ಕೆ, ಅವಳನ್ನು ಕಳುಹಿಸಿದವರು ಹೆತ್ತವರು. ಎರಡನೆಯದನ್ನು, ಕಾಡಿನ ದಾರಿಯನ್ನು, ಅವಳೇ ಆರಿಸಿಕೊಂಡಳು. ಯಾವುದು ಅವಳನ್ನು ಅಕ್ಕನನ್ನಾಗಿ ಮಾಡಿತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. (ಈ ಹರಿಹರನೂ ನಮ್ಮ ಜಿಲ್ಲೆಯ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಹೊಯ್ಸಳರ ಕರಣಿಕನಾಗಿದ್ದು, ಆ ಉದ್ಯೋಗವನ್ನು ಬಿಟ್ಟು ಹಂಪೆಗೆ ಹೋದನೆಂದು ಪರಂಪರೆ. ಅರಮನೆಯ ಉದ್ಯೋಗ ಬಿಟ್ಟ ಮಗನನ್ನು ಕಂಡು ಅವನ ಮನೆಯವರೂ ಹಣೆ ಚಚ್ಚಿಕೊಂಡಿರಬೇಕು.)

ಇನ್ನು ಅಕ್ಕನಾಗಮ್ಮ. ಉಪನಯನವನ್ನು ಒಲ್ಲದೆ ಬಸವಣ್ಣನವರು ಬಾಗೇವಾಡಿಯ ಮನೆ ತೊರೆದು ಕೂಡಲಸಂಗಮಕ್ಕೆ ಹೊರಟಾಗ ಆ ಮನೆಯಲ್ಲಿ ಎಂಥ ಬಿರುಗಾಳಿ ಎದ್ದಿರಬೇಕು! ಆ ಹೊತ್ತಿನಲ್ಲಿ ತಮ್ಮನ ಜೊತೆಯಲ್ಲಿ ನಿಂತವಳು ಅಕ್ಕ. ಮನೆಯಲ್ಲಿ ಎಲ್ಲರೂ ಒಪ್ಪದಿದ್ದರೂ ಒಬ್ಬರು ಜೊತೆಗಿದ್ದರೆ ಹೋಗುವ ಮಗುವಿಗೆ ಮನೆ ಪೂರ್ತಿಯಾಗಿ ಕಳೆದುಹೋಗುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಈ ಕೆಲಸವನ್ನು ಚಿಕ್ಕಪ್ಪನೋ, ಸೋದರಮಾವನೋ, ಅಕ್ಕನೋ ಮಾಡಬಹುದು. ತಂದೆ ಕೋಪದಿಂದ ಮಾತು ಬಿಟ್ಟಿರುವಾಗ ದೂರವಾಣಿಯಲ್ಲಿ "ಊಟವಾಯಿತೆ ಮಗಾ" ಎಂದು ಕೇಳುವ ಒಂದು ದನಿ ಇರಬೇಕು. ಮನೆಯ ಯಜಮಾನ ಅದನ್ನು ಕದ್ದು ಮಾಡುವ ಅಪರಾಧವೆಂದು ತಿಳಿಯದೆ, ನೋಡಿಯೂ ನೋಡದಂತಿರುವುದು ಒಳ್ಳೆಯದು.

ಹಣದ ಮಾತನ್ನೂ ಆಡದಿರಲಾಗದು. ಮಗನ ಹೊಸ ಸಾಹಸಕ್ಕೆ ಆಶೀರ್ವಾದ ಕೊಡುವುದು ಬೇರೆ, ತೋಟದ ಪತ್ರವನ್ನು ಬ್ಯಾಂಕಿನಲ್ಲಿಡುವುದು ಬೇರೆ. ಹೋಂ ಸ್ಟೇ ಕಟ್ಟುತ್ತೇನೆ, ಬೆಂಗಳೂರಿನಲ್ಲಿ ಕಾಫಿ ಅಂಗಡಿ ತೆರೆಯುತ್ತೇನೆ ಎಂದು ಬರುವ ಮಗ ತನ್ನ ದುಡಿಮೆಯನ್ನು ಪಣಕ್ಕಿಟ್ಟರೆ ಅದು ಅವನ ಅಪಾಯ. ತಂದೆತಾಯಿಗಳ ಮುಪ್ಪಿನ ಗಂಜಿಯನ್ನೂ ತಂಗಿಯ ಪಾಲನ್ನೂ ಇಟ್ಟರೆ ಅದು ಅವನದಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲಿಯೇ ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಬಂತು. ಆದರೂ ಗಂಡುಮಗನ ಸಾಲಕ್ಕೆ ಸಹಿ ಹಾಕುವಾಗ ಮಗಳನ್ನು ಕೇಳುವ ಮನೆಗಳು ವಿರಳ. ಮದುವೆಯಾಗಿ ಹೋದವಳನ್ನು ಕರೆಸಿ, ತೋಟದ ಮೇಲೆ ಎಷ್ಟು ಸಾಲ, ಯಾವ ಬೆಳೆ ನಂಬಿಕೊಂಡು, ತೀರಿಸಲಾಗದಿದ್ದರೆ ಏನು ಹೋಗುತ್ತದೆ ಎಂದು ಅವಳಿಗೂ ಹೇಳಿ, ಅವಳ ಮನಸ್ಸಿನ ಮಾತು ಕೇಳಿಯೇ ಮುಂದುವರಿಯಬೇಕು. ತಂದೆ ಕೊಡಲಾರದ್ದನ್ನು 'ಕೊಡಲಾರೆ' ಎನ್ನುವುದು ಕಠೋರತೆಯಲ್ಲ. ಅಷ್ಟು ಹೇಳಿದ ಮೇಲೆ ಮಗ ಬೇರೆ ದಾರಿಯಿಂದ ಹಣ ಹೊಂದಿಸಿ ಹೊರಟರೆ ಅವನ ಅಂಗಡಿಯ ಮೊದಲ ದಿನ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವುದಕ್ಕೆ ಬಿಗುಮಾನ ಪಡಬೇಕಾಗಿಲ್ಲ.

ಹೇಳಬೇಕಾದ ಎಚ್ಚರಿಕೆಯನ್ನು ಒಮ್ಮೆ, ಪೂರ್ತಿಯಾಗಿ, ಹೆತ್ತವರಿಬ್ಬರೂ ಕೂಡಿ ಕುಳಿತು ಹೇಳಬೇಕು. ದಿನವೂ ತುತ್ತಿಗೊಂದರಂತೆ ಹೇಳಿದರೆ ಅದು ಸೊಳ್ಳೆಯ ಸದ್ದಾಗುತ್ತದೆ. ನಿಜವಾಗಿ ಕೇಳಿಸಬೇಕಾದ ದಿನ ಕೇಳಿಸುವುದಿಲ್ಲ. ಇದೂ ಮುಖ್ಯ: ಹೋದ ಮಗು ಸೋತು ಬಂದರೆ, "ನಾವು ಆಗಲೇ ಹೇಳಿರಲಿಲ್ಲವೆ" ಎಂಬ ಮಾತು ಆ ಮನೆಯಲ್ಲಿ ಹುಟ್ಟಬಾರದು. ಆ ಒಂದು ವಾಕ್ಯಕ್ಕೆ ಹೆದರಿ ಊರಿಗೆ ಮರಳದೆ ಪೇಟೆಯ ಕೋಣೆಯಲ್ಲಿ ಕೊರಗುತ್ತಿರುವ ಯುವಕರು ಎಷ್ಟೋ ಮಂದಿ ನಮ್ಮ ಬಳಿ ಬಂದು ಅತ್ತಿದ್ದಾರೆ. ಅಪಾಯ ಅವರನ್ನು ಅಷ್ಟು ಹಿಂಸಿಸಿರಲಿಲ್ಲ.

ಸೋತು ಬಾರದೆಯೇ ಹೋದರೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಲೇಖನ ಮುಗಿಸಿದರೆ ಅದು ಅಪ್ರಾಮಾಣಿಕತೆಯಾದೀತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹುದುಗಿದ್ದು, ಬದುಕಿ ಹೊರಬಂದು, ಆಮೇಲೆ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನಾಡು ಮರೆತಿಲ್ಲ. ತಮ್ಮ ಸೇವೆಯ ಬಹುಪಾಲನ್ನು ಅವರು ಕಷ್ಟದ ನೆಲೆಗಳಲ್ಲಿಯೇ ಕಳೆದಿದ್ದರೆಂದು ಸೇನೆ ಅಂದು ತಿಳಿಸಿತ್ತು. ಅಂಥ ಮನೆಗೆ ಸಾಂತ್ವನ ಹೇಳಲು ಊರೇ ಹೋಗುತ್ತದೆ. ಹೆತ್ತವರನ್ನು ಯಾರೂ ದೂರುವುದಿಲ್ಲ. ಆದರೆ ಆನೆಯ ಕಾವಲಿಗೆ ಹೋದವನು, ಘಾಟಿಯ ರಸ್ತೆಯಲ್ಲಿ ಲಾರಿ ನಡೆಸುತ್ತಿದ್ದವನು, ಮನೆಯವರ ಮಾತು ಮೀರಿ ಮದುವೆಯಾದವಳು, ಇಂಥವರು ಹೋದ ಮನೆಗೆ ಬರುವ ಬಂಧುಗಳಲ್ಲಿ ಒಬ್ಬರಾದರೂ "ನೀವು ಯಾಕೆ ಬಿಟ್ಟಿರಿ?" ಎಂದು ಕೇಳಿಯೇ ಕೇಳುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿ ತನ್ನನ್ನು ತಾನೇ ರಾತ್ರಿಯೆಲ್ಲ ಕೇಳಿಕೊಳ್ಳುತ್ತಿರುವ ಪ್ರಶ್ನೆ ಅದು. ನಮ್ಮ ಸಮಾಜದಲ್ಲಿ ಮರಣವನ್ನು ಲಿಂಗೈಕ್ಯವೆನ್ನುತ್ತೇವೆ, ಸೂತಕವಿಲ್ಲವೆನ್ನುತ್ತೇವೆ. ಆದರೆ ಹೆತ್ತವರ ಹೆಗಲಿಗೆ ಈ ಮಾತಿನ ಸೂತಕವನ್ನು ಹೊರಿಸಿ ಬರುತ್ತೇವೆ. ಅಂಥ ಮನೆಗೆ ಹೋಗುವ ಭಕ್ತರು ವಿಭೂತಿ ಧರಿಸಿ, ಸುಮ್ಮನೆ ಹತ್ತಿರ ಕುಳಿತು, ಹೋದ ಮಗು ಚಿಕ್ಕಂದಿನಲ್ಲಿ ಹೇಗಿತ್ತೆಂದು ತಾಯಿ ಹೇಳತೊಡಗಿದರೆ ಕೊನೆಯವರೆಗೆ ಕೇಳಿಸಿಕೊಂಡು ಎದ್ದು ಬರಲಿ.

ಆಸ್ತಿಯ ಪಾಲು ಮತ್ತು ಮಕ್ಕಳ ಸಾಲವನ್ನು ಕುರಿತ ಭಾಗ ಇಲ್ಲಿ ತೀರಾ ಸಂಕ್ಷೇಪವಾಯಿತು. ಅದನ್ನು ಮುಂದಿನ ಸಂಚಿಕೆಯಲ್ಲಿ ಬೇರೆಯಾಗಿಯೇ ಬರೆಯುತ್ತೇವೆ. ಈ ವಿಷಯದಲ್ಲಿ ಹೆಣ್ಣುಮಕ್ಕಳು ತಮ್ಮ ಅನುಭವಗಳನ್ನು ಬರೆದು ಕಳುಹಿಸಿದರೆ, ಹೆಸರು ಪ್ರಕಟಿಸದೆ ಬಳಸಿಕೊಳ್ಳುತ್ತೇವೆ.